ವಿಷದ ಬಟ್ಟಲು ಲುಕ್ರೆಟ್ಸಿಯಾ ಕೈಗೆ ಬಂದದ್ದು ಹೇಗೆ

ಲುಕ್ರೆಟ್ಸಿಯಾ ಬೋರ್ಜಿಯಾ ಯಾರಿಗಾದರೂ ವಿಷ ಹಾಕಿದಳು ಎನ್ನುವುದಕ್ಕೆ ಆಕೆಯ ಕಾಲದ ಪುರಾವೆ ಒಂದೂ ಇಲ್ಲ. ಆದರೂ ಯುರೋಪಿನಲ್ಲಿ ಆಕೆಯ ಹೆಸರೆತ್ತಿದರೆ ಮೊದಲು ನೆನಪಾಗುವುದು ವಿಷವೇ. ಪುಡಿ ತುಂಬಿಟ್ಟ ಟೊಳ್ಳು ಉಂಗುರ, ನಗುನಗುತ್ತಾ ಬಗ್ಗಿಸಿಕೊಟ್ಟ ವೈನು, ಊಟ ಮುಗಿಯುವಷ್ಟರಲ್ಲಿ ಸಾಲು ಹೆಣ. ನಮ್ಮಲ್ಲಿ ಚಾಣಕ್ಯನ ಕಥೆಗಳ ವಿಷಕನ್ಯೆ ಹೇಗೋ, ಅಲ್ಲಿ ಈಕೆ ಹಾಗೆ. ಆದರೆ ವಿಷಕನ್ಯೆ ಕಥೆಯವಳು. ಲುಕ್ರೆಟ್ಸಿಯಾ 1480ರ ಏಪ್ರಿಲ್ 18ರಂದು ಹುಟ್ಟಿ 1519ರ ಜೂನ್ 24ರಂದು ತೀರಿಕೊಂಡ, ಕಾಗದಪತ್ರಗಳನ್ನು ಬಿಟ್ಟುಹೋದ, ನಿಜವಾಗಿ ಬದುಕಿದ್ದ ಹೆಣ್ಣು.

ಆ ಹೆಣ್ಣಿಗೂ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ಯುರೋಪಿನ ಸಂಗೀತ ನಾಟಕದ, ವೇದಿಕೆಯ ಮೇಲೆ ಹಾಡುವವಳಿಗೂ ನಡುವೆ ಮೂರು ಪದರಗಳಿವೆ. ಆಕೆ ಬದುಕಿರುವಾಗಲೇ ಹಬ್ಬಿದ ರಾಜಕೀಯ ಗಾಳಿಸುದ್ದಿ ತಳದ ಪದರ. ಅದರ ಮೇಲೆ 1833ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ವಿಕ್ಟರ್ ಹ್ಯೂಗೋ ಆಡಿಸಿದ ನಾಟಕ. ಎಲ್ಲಕ್ಕೂ ಮೇಲೆ ಅದೇ ವರ್ಷದ ಡಿಸೆಂಬರಿನಲ್ಲಿ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಕಂಡ ಸಂಗೀತ ರಚನಾಕಾರ ಗಾಯತಾನೊ ಡೊನಿಜೆಟ್ಟಿಯ ಒಪೆರಾ. ಯಾವ ಸಂಗತಿ ಯಾವ ಪದರದ್ದು ಎಂದು ಬಿಡಿಸಿ ನೋಡಿದರೆ ಮಾತ್ರ ಡೊನಿಜೆಟ್ಟಿ ಏನು ಸಾಧಿಸಿದ ಎಂಬುದು ಕಾಣುತ್ತದೆ. ಅವನ ಲುಕ್ರೆಟ್ಸಿಯಾ ಕೊಲೆಗಾತಿಯಾಗಿ ಅಲ್ಲ, ಹೆತ್ತವಳೆಂದು ಬಾಯಿಬಿಟ್ಟು ಹೇಳಿಕೊಳ್ಳಲಾಗದ ತಾಯಿಯಾಗಿ ದೊಡ್ಡವಳು.

ಕಾಗದಪತ್ರದಲ್ಲಿರುವ ಹೆಣ್ಣು

ತಂದೆ ರೊಡ್ರಿಗೊ ಬೋರ್ಜಿಯಾ ಸ್ಪೇನ್ ಮೂಲದ ಕಾರ್ಡಿನಲ್. ತಾಯಿ ವನ್ನೊಜ್ಜಾ ದೇ ಕಟ್ಟಾನೇಯಿ. 1492ರ ಆಗಸ್ಟಿನಲ್ಲಿ ರೊಡ್ರಿಗೊ ಆರನೆಯ ಅಲೆಗ್ಸಾಂಡರ್ ಎಂಬ ಹೆಸರಿನಿಂದ ಪೋಪ್ ಆದ. ಮರುವರ್ಷವೇ ಹದಿಮೂರರ ಮಗಳನ್ನು ಪೇಸರೊ ಪಟ್ಟಣದ ಒಡೆಯ ಜೊವಾನ್ನಿ ಸ್ಫೋರ್ಜಾನಿಗೆ ಮದುವೆ ಮಾಡಿಕೊಟ್ಟ. ಮಿಲಾನಿನ ಸ್ಫೋರ್ಜಾ ಮನೆತನದ ಸ್ನೇಹ ಬೇಕಿದ್ದಷ್ಟು ದಿನ ಆ ಮದುವೆ ಉಳಿಯಿತು. ರಾಜಕೀಯದ ಗಾಳಿ ಬೇರೆ ಕಡೆ ಬೀಸಿದಾಗ, 1497ರ ಕೊನೆಗೆ, ದಾಂಪತ್ಯವೇ ನಡೆದಿಲ್ಲ ಎಂಬ ಕಾರಣ ಹೇಳಿ ಅದನ್ನು ರದ್ದು ಮಾಡಿಸಲಾಯಿತು.

ಎರಡನೆಯ ಗಂಡ ನೇಪಲ್ಸ್ ರಾಜಮನೆತನದ ಅಲ್ಫೊನ್ಸೊ, ಬಿಶೆಲ್ಯೆಯ ಡ್ಯೂಕ್. 1498ರಲ್ಲಿ ಮದುವೆ. 1500ರ ಜುಲೈ 15ರ ರಾತ್ರಿ ಸೇಂಟ್ ಪೀಟರ್ಸ್ ಚರ್ಚಿನ ಮೆಟ್ಟಿಲುಗಳ ಬಳಿ ಅವನ ಮೇಲೆ ಕತ್ತಿಯಿಂದ ದಾಳಿಯಾಯಿತು, ಜೀವ ಉಳಿಯಿತು. ಮುಂದಿನ ಒಂದು ತಿಂಗಳು ನಡೆದದ್ದನ್ನು ಗಮನವಿಟ್ಟು ನೋಡಬೇಕು. ಗಂಡನ ಊಟಕ್ಕೆ ಯಾರಾದರೂ ವಿಷ ಬೆರೆಸಿಯಾರು ಎಂಬ ಭಯದಿಂದ ಲುಕ್ರೆಟ್ಸಿಯಾ ಮತ್ತು ಅವನ ಅಕ್ಕ ಸಾಂಚಾ ತಾವೇ ಅಡುಗೆ ಮಾಡಿ, ತಾವೇ ಉಣಿಸುತ್ತಾ ಅವನ ಹಾಸಿಗೆಯ ಪಕ್ಕ ಕಾವಲಿದ್ದರು. ವಿಷದೊಂದಿಗೆ ಆಕೆಯ ಹೆಸರು ನಂಬಲರ್ಹವಾಗಿ ಸೇರಿಕೊಳ್ಳುವ ಸಂದರ್ಭ ಇದೊಂದೇ, ಮತ್ತು ಇಲ್ಲಿ ಆಕೆ ನಿಂತಿರುವುದು ವಿಷ ತಡೆಯುವ ಕಡೆ. ಆದರೂ ಗಂಡ ಉಳಿಯಲಿಲ್ಲ. ಆಗಸ್ಟ್ 18ರಂದು ಅವಳ ಅಣ್ಣ ಚೇಸರೆಯ ಬಂಟ ಬಂದು, ಹೆಂಗಸರಿಬ್ಬರನ್ನೂ ಕೋಣೆಯಿಂದ ಹೊರಗೆ ಹೋಗುವಂತೆ ಮಾಡಿ, ಅವನ ಕತ್ತು ಹಿಸುಕಿದ.

ಮೂರನೆಯ ಮದುವೆ ಫೆರಾರಾದ ಯುವರಾಜ ಅಲ್ಫೊನ್ಸೊ ದ'ಎಸ್ತೆಯೊಂದಿಗೆ. ಎರಡನೆಯ ಮತ್ತು ಮೂರನೆಯ ಗಂಡಂದಿರ ಹೆಸರು ಒಂದೇ ಆದ್ದರಿಂದ ಓದುವವರು ಎಡವುವುದುಂಟು. ಒಪೆರಾದಲ್ಲಿ ಬರುವವನು ಈ ಮೂರನೆಯವನು. ಎಸ್ತೆ ಮನೆತನ ಹಳೆಯದು, ಬೋರ್ಜಿಯಾಗಳ ಸಂಬಂಧ ಅವರಿಗೆ ಬೇಕಿರಲಿಲ್ಲ. ಹಿರಿಯ ಡ್ಯೂಕ್ ಎರ್ಕೊಲೆ ಚೌಕಾಸಿ ಮಾಡಿ, ಬೇರೆ ಸವಲತ್ತುಗಳ ಜೊತೆಗೆ 1,00,000 ಡುಕಾಟ್ ನಗದು ವರದಕ್ಷಿಣೆ ಪಡೆದ. 1502ರ ಫೆಬ್ರವರಿ 2ರಂದು ಲುಕ್ರೆಟ್ಸಿಯಾ ಫೆರಾರಾ ಪ್ರವೇಶಿಸಿದಳು.

1503ರಲ್ಲಿ ಅಪ್ಪ ಸತ್ತಾಗ ಆಕೆಯ ಬೆನ್ನಿಗೆ ಯಾರೂ ಉಳಿಯಲಿಲ್ಲ. ಎಸ್ತೆಗಳು ಮನಸ್ಸು ಮಾಡಿದ್ದರೆ ಈ ಮದುವೆಯನ್ನೂ ಮುರಿಯಬಹುದಿತ್ತು. ಮುರಿಯಲಿಲ್ಲ. 1505ರಲ್ಲಿ ಡಚೆಸ್ ಆದಳು. ಗಂಡ ಯುದ್ಧಕ್ಕೆ ಹೋದಾಗ ಆಡಳಿತ ನೋಡಿಕೊಂಡಳು, ಅಹವಾಲು ಕೇಳಿದಳು, ಹಣ ಸಾಲದಾದಾಗ ಒಡವೆ ಅಡವಿಟ್ಟಳು, ಜೌಗು ಭೂಮಿ ಪಡೆದು ನೀರು ಬಸಿಸಿ ಸಾಗುವಳಿಗೆ ತಂದಳು. ಆಸ್ಥಾನದ ಕವಿ ಲುದೊವಿಕೊ ಅರಿಯೊಸ್ತೊ 'ಒರ್ಲಾಂದೊ ಫುರಿಯೊಸೊ' ಮಹಾಕಾವ್ಯದಲ್ಲಿ ಆಕೆಯನ್ನು ಹೊಗಳಿದ್ದಾನೆ. ಆಸ್ಥಾನ ಕವಿಯ ಹೊಗಳಿಕೆಯನ್ನು ಸ್ವಲ್ಪ ಕಳೆದೇ ಓದಬೇಕು, ಒಪ್ಪಿಕೊಳ್ಳೋಣ. ಆದರೆ ಫ್ರೆಂಚ್ ಸೇನಾನಿ ಬಯಾರ್‌ನ ಚರಿತ್ರೆ ಬರೆದವನಿಗೆ ಫೆರಾರಾದ ಸಂಬಳವಿರಲಿಲ್ಲ. ಅವನೂ ಆಕೆಯನ್ನು ಈ ಲೋಕದ ಮುತ್ತು ಎಂದೇ ಕರೆದ. ಹೆಣ್ಣುಮಗುವೊಂದನ್ನು ಹೆತ್ತ ಕೆಲವೇ ದಿನಗಳಲ್ಲಿ, 39ನೆಯ ವಯಸ್ಸಿನಲ್ಲಿ ಬಾಣಂತಿಯಾಗಿ ತೀರಿಕೊಂಡಳು. ಸಮಾಧಿ ಫೆರಾರಾದ ಕೊರ್ಪುಸ್ ದೊಮಿನಿ ಕಾನ್ವೆಂಟಿನಲ್ಲಿದೆ.

ಗಾಳಿಸುದ್ದಿಯ ಮೂಲಗಳು

ಕೆಟ್ಟ ಹೆಸರು ಒಂದೇ ಕಡೆಯಿಂದ ಬರಲಿಲ್ಲ. ಪ್ರತಿ ಮೂಲಕ್ಕೂ ಅದರದೇ ಲಾಭವಿತ್ತು.

ಮೊದಲನೆಯವನು ಮಾಜಿ ಗಂಡ ಜೊವಾನ್ನಿ ಸ್ಫೋರ್ಜಾ. ಗಂಡಸುತನವಿಲ್ಲವೆಂದು ಊರಿಗೆಲ್ಲ ಸಾರಿದಂತಾಗಿ ಅವಮಾನ ತಿಂದಿದ್ದ ಅವನು, ಪೋಪ್ ಮಗಳನ್ನು ತನಗೇ ಇಟ್ಟುಕೊಳ್ಳಲು ಮದುವೆ ಮುರಿಸುತ್ತಿದ್ದಾನೆ ಎಂದು ಮಿಲಾನಿನಲ್ಲಿ ಹೇಳಿಕೊಂಡ. ಫೆರಾರಾದ ರಾಯಭಾರಿ ಅದನ್ನು ಪತ್ರದಲ್ಲಿ ಬರೆದ. ಅಪ್ಪ ಮಗಳ ಸಂಬಂಧದ ಅಪವಾದ ಕಾಗದಕ್ಕೆ ಇಳಿದದ್ದು ಅಲ್ಲಿ. ನೇಪಲ್ಸಿನ ಕವಿಗಳು ಅದನ್ನೆತ್ತಿಕೊಂಡು ಲ್ಯಾಟಿನ್ ಚುಟುಕ ಕಟ್ಟಿದರು: ಪೋಪನ ಮಗಳೂ ಅವಳೇ, ಮಡದಿಯೂ ಅವಳೇ, ಸೊಸೆಯೂ ಅವಳೇ. ಚೇಸರೆಯ ರಾಜಕಾರಣ ನೇಪಲ್ಸಿಗೆ ಮುಳುವಾಗಿದ್ದ ಕಾಲ ಅದು. 1501ರಲ್ಲಿ ಸಿಲ್ವಿಯೊ ಸವೆಲ್ಲಿ ಎಂಬ ಗಡೀಪಾರಾದ ಶ್ರೀಮಂತನನ್ನು ಉದ್ದೇಶಿಸಿದ ಅನಾಮಧೇಯ ಪತ್ರವೊಂದು ಬೋರ್ಜಿಯಾಗಳ ಮೇಲಿದ್ದ ಆರೋಪಗಳನ್ನೆಲ್ಲ ಒಟ್ಟುಹಾಕಿ ಹರಿದಾಡಿತು. ಪೋಪನ ಸಮಾರಂಭಗಳ ಅಧಿಕಾರಿ ಯೊಹಾನ್ ಬುರ್ಕಾರ್ಡ್ ತನ್ನ ದಿನಚರಿಯಲ್ಲಿ ಅದೇ ವರ್ಷದ ಅಕ್ಟೋಬರಿನ ಒಂದು ಔತಣ ದಾಖಲಿಸಿದ: ಐವತ್ತು ಮಂದಿ ವೇಶ್ಯೆಯರು, ನೆಲದ ಮೇಲೆ ಚೆಲ್ಲಿದ ಚೆಸ್ಟ್‌ನಟ್ ಕಾಯಿಗಳು, ನೋಡುತ್ತಾ ಕೂತ ಪೋಪ್, ಚೇಸರೆ, ಲುಕ್ರೆಟ್ಸಿಯಾ. ಫೆರಾರಾದ ಮದುವೆಯ ಮಾತುಕತೆ ಕುದುರಿದ್ದ ದಿನಗಳಲ್ಲಿ ಇದು ನಿಜವಾಗಿ ನಡೆದಿದ್ದೀತೇ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ.

ಇನ್ನೊಂದು ಎಳೆ ಒಂದು ಕೂಸಿನದು. ಜೊವಾನ್ನಿ ಬೋರ್ಜಿಯಾ ಎಂಬ ಮಗುವಿನ ಬಗ್ಗೆ 1501ರ ಸೆಪ್ಟೆಂಬರಿನಲ್ಲಿ ಎರಡು ಆಜ್ಞಾಪತ್ರ ಹೊರಟವು. ಒಂದರಲ್ಲಿ ತಂದೆ ಚೇಸರೆ; ಗುಟ್ಟಾಗಿಟ್ಟ ಇನ್ನೊಂದರಲ್ಲಿ ತಂದೆ ಪೋಪನೇ. ತಾಯಿಯ ಹೆಸರಿಲ್ಲ. ಆ ಖಾಲಿ ಜಾಗದಲ್ಲಿ ಜನ ಲುಕ್ರೆಟ್ಸಿಯಾಳನ್ನು ತಂದು ಕೂರಿಸಿದರು. ಮುಂದೆ ಹ್ಯೂಗೋಗೆ ಬೇಕಾದ ಗುಟ್ಟಿನ ಮಗ ಇಂಥ ಮಾತುಗಳಿಂದಲೇ ಹುಟ್ಟಲು ಸಾಧ್ಯವಾಯಿತು.

ವಿಷದ ಮಾತು ದೊಡ್ಡದಾದದ್ದು ಅಲೆಗ್ಸಾಂಡರನ ಸಾವಿನಿಂದ. 1503ರ ಆಗಸ್ಟಿನಲ್ಲಿ ಕಾರ್ಡಿನಲ್ ಒಬ್ಬನ ತೋಟದ ಮನೆಯಲ್ಲಿ ಊಟವಾದ ಕೆಲವು ದಿನಗಳಿಗೆ ಅಪ್ಪ ಮಗ ಇಬ್ಬರೂ ಜ್ವರ ಹತ್ತಿ ಮಲಗಿದರು. ಅಪ್ಪ 18ರಂದು ಸತ್ತ, ಮಗ ಉಳಿದ. ರೋಮಿನ ಆಗಸ್ಟ್ ಎಂದರೆ ಮಲೇರಿಯಾ ಕಾಲ. ಆದರೆ ಬಿಸಿಲಿಗೆ ಹೆಣ ಬೇಗ ಕಪ್ಪಿಟ್ಟು ಊದಿಕೊಂಡಿತು, ನೋಡಿದವರು ವಿಷವೆಂದರು. ಬೇರೆಯವರಿಗೆ ಇಟ್ಟ ವೈನನ್ನು ತಪ್ಪಿ ತಾವೇ ಕುಡಿದರು ಎಂಬ ಕಥೆ ಹುಟ್ಟಿತು. ಲುಕ್ರೆಟ್ಸಿಯಾ ಆಗ ಫೆರಾರಾದಲ್ಲಿದ್ದಳು. ಸ್ವಲ್ಪದರಲ್ಲೇ ಬೋರ್ಜಿಯಾಗಳ ಕಡುವೈರಿ ಎರಡನೆಯ ಜೂಲಿಯಸ್ ಪೋಪ್ ಆದ. ಆ ಮನೆತನದ ಬಗ್ಗೆ ಕೆಟ್ಟದ್ದು ಬರೆದರೆ ಕೇಳುವವರಿಲ್ಲದಾಯಿತು. ಇತಿಹಾಸಕಾರ ಗುಯಿಚಾರ್ದೀನಿಯ ಇಟಲಿಯ ಇತಿಹಾಸ 1561ರಲ್ಲಿ ಅಚ್ಚಾದಾಗ ಗಾಳಿಸುದ್ದಿಗೆ ಗಂಭೀರ ಇತಿಹಾಸದ ಮುದ್ರೆ ಬಿತ್ತು.

ಹ್ಯೂಗೋ ಹಾಕಿದ ಸೂತ್ರ

'ಲೆ ಮಿಸೆರಾಬ್ಲ್' ಕಾದಂಬರಿಯಿಂದ ನಮಗೆ ಪರಿಚಿತನಾದ ಹ್ಯೂಗೋ 1832ರ ಬೇಸಿಗೆಯಲ್ಲಿ ಎರಡು ನಾಟಕ ಬೆನ್ನುಬೆನ್ನಿಗೆ ಬರೆದ. ಮೊದಲನೆಯದು 'ಲೆ ರುವಾ ಸಾಮ್ಯೂಸ್': ಗೂನುಬೆನ್ನಿನ ವಿದೂಷಕ, ಅವನಿಗೊಬ್ಬಳು ಮಗಳು. ಒಂದೇ ಪ್ರದರ್ಶನಕ್ಕೆ ಸರ್ಕಾರ ಅದನ್ನು ನಿಲ್ಲಿಸಿತು. ಎರಡನೆಯದು 'ಲ್ಯೂಕ್ರೆಸ್ ಬೋರ್ಜಿಯಾ', 1833ರ ಫೆಬ್ರವರಿ 2ರಂದು ಪೋರ್ಟ್ ಸೇಂಟ್ ಮಾರ್ಟಿನ್ ರಂಗಮಂದಿರದಲ್ಲಿ ಆಡಿತು. ನಿಜವಾದ ಲುಕ್ರೆಟ್ಸಿಯಾ ಫೆರಾರಾಕ್ಕೆ ಕಾಲಿಟ್ಟ ತಾರೀಖೂ ಅದೇ.

ಎರಡಕ್ಕೂ ಒಂದೇ ಸೂತ್ರವೆಂದು ಹ್ಯೂಗೋ ಮುನ್ನುಡಿಯಲ್ಲಿ ತಾನೇ ಹೇಳಿದ್ದಾನೆ. ದೇಹ ವಿಕಾರವಾದ ಮನುಷ್ಯನೊಬ್ಬನಿಗೆ ತಂದೆಯ ಪ್ರೀತಿ ಕೊಟ್ಟರೆ ಅವನು ಎತ್ತರಕ್ಕೇರುತ್ತಾನೆ. ಹಾಗೆಯೇ ಮನಸ್ಸೇ ವಿಕಾರವಾದ ಹೆಣ್ಣಿಗೆ ತಾಯಿಯ ಪ್ರೀತಿ ಕೊಟ್ಟರೆ? ಪ್ರಯೋಗ ನಾಟಬೇಕಾದರೆ ಆ ಹೆಣ್ಣು ಆದಷ್ಟೂ ಕರಾಳವಾಗಿರಬೇಕು. ಅದಕ್ಕೆ ಹ್ಯೂಗೋ ಮೂರು ಶತಮಾನದ ಅಪವಾದಗಳಲ್ಲಿ ಒಂದನ್ನೂ ಬಿಡದೆ ಬಳಸಿಕೊಂಡ. ಅವು ನಿಜವೇ ಎಂದು ಪರೀಕ್ಷಿಸುವುದು ಅವನ ಕೆಲಸವಾಗಿರಲಿಲ್ಲ. ಜೆನ್ನಾರೊ ಎಂಬ ಮಗನನ್ನು ಸೃಷ್ಟಿಸಿದ. ಅವನು ಲುಕ್ರೆಟ್ಸಿಯಾಗೆ ತನ್ನ ಸ್ವಂತ ಸಹೋದರನಿಂದ ಹುಟ್ಟಿದವನು, ತಾಯಿ ಯಾರೆಂದು ಗೊತ್ತಿಲ್ಲದೆ ಬೆಳೆದವನು.

ಅಣ್ಣನ ಪಾಪ ತಂಗಿಯ ತಲೆಗೆ ಬಂದದ್ದು ಇಲ್ಲೇ, ಅದನ್ನು ಹೆಸರುಗಳಲ್ಲೇ ಹಿಡಿಯಬಹುದು. ಜೆನ್ನಾರೊನ ಗೆಳೆಯರಲ್ಲಿ ಒರ್ಸಿನಿ, ವಿತೆಲ್ಲೊಜ್ಜೊ, ಲಿವೆರೊತ್ತೊ ಇದ್ದಾರೆ. 1502ರ ಡಿಸೆಂಬರ್ 31ರಂದು ಸೆನಿಗಾಲ್ಯದಲ್ಲಿ ಸಂಧಿಯ ನೆಪದಲ್ಲಿ ಚೇಸರೆ ಬೋರ್ಜಿಯಾ ಹಿಡಿದು, ಆಮೇಲೆ ಕತ್ತು ಹಿಸುಕಿಸಿದ ದಂಡನಾಯಕರು ಇದೇ ಹೆಸರಿನವರು. ಮಾಕಿಯವೆಲ್ಲಿ ಅದನ್ನು ವಿವರವಾಗಿ ಬರೆದಿದ್ದಾನೆ. ನಾಟಕದಲ್ಲಿ ಆ ಮನೆತನಗಳ ಹುಡುಗರು ತಮ್ಮವರ ಸಾವಿಗೆ ಲೆಕ್ಕ ಕೇಳುವುದು ಲುಕ್ರೆಟ್ಸಿಯಾಳನ್ನು.

ಒಂದು ಉಪಕಥೆ: ಈ ನಾಟಕದಲ್ಲಿ ನೆಗ್ರೋನಿ ರಾಜಕುಮಾರಿಯ ಪುಟ್ಟ ಪಾತ್ರ ಮಾಡಿದ ನಟಿ ಜೂಲಿಯೆಟ್ ದ್ರುವೆ. ಹ್ಯೂಗೋಗೂ ಆಕೆಗೂ ಅಲ್ಲಿ ಬೆಳೆದ ಸಂಬಂಧ ಸುಮಾರು ಐವತ್ತು ವರ್ಷ, ಆಕೆ ಸಾಯುವವರೆಗೂ ಉಳಿಯಿತು.

ಡೊನಿಜೆಟ್ಟಿಯ ಕೈಯಲ್ಲಿ

ಲಿಬ್ರೆಟ್ಟೊ, ಅಂದರೆ ಹಾಡಲು ಬರೆದ ಸಾಹಿತ್ಯ, ಫೆಲಿಚೆ ರೊಮಾನಿಯದು. 'ಆನ್ನಾ ಬೊಲೆನಾ', 'ಎಲಿಸಿರ್ ದ'ಅಮೊರೆ' ಒಪೆರಾಗಳಿಗೂ ಅವನೇ ಬರೆದುಕೊಟ್ಟಿದ್ದ. ಸಹೋದರನಿಂದ ಹುಟ್ಟಿದ ಮಗ ಎಂಬ ಮಾತನ್ನು ರೊಮಾನಿ ಕೈಬಿಟ್ಟ. ಉಳಿದಂತೆ ಹ್ಯೂಗೋನ ಚೌಕಟ್ಟು ಹಾಗೇ ಇದೆ. ಒಂದು ಪೀಠಿಕೆ, ಎರಡು ಅಂಕ. 1833ರ ಡಿಸೆಂಬರ್ 26ರಂದು ಮೊದಲ ಪ್ರದರ್ಶನ.

ಪೀಠಿಕೆ ನಡೆಯುವುದು ವೆನಿಸ್ಸಿನ ಕಾರ್ನಿವಲ್ ರಾತ್ರಿ. ಗೆಳೆಯರ ಗುಂಪಿನಿಂದ ಸರಿದು ಜೆನ್ನಾರೊ ನಿದ್ದೆಹೋಗಿದ್ದಾನೆ. ಮುಖವಾಡ ತೊಟ್ಟ ಹೆಣ್ಣೊಬ್ಬಳು ದೋಣಿಯಿಂದ ಇಳಿದು ಬಂದು ಅವನನ್ನು ನೋಡುತ್ತಾ 'ಕೊಮೆ ಬೆಲ್ಲೊ' ಹಾಡುತ್ತಾಳೆ. ಎಷ್ಟು ಚೆಲುವ ಎಂದು ಶುರುವಾಗುವ ಈ ಹಾಡನ್ನು ಮೊದಲ ಸಲ ಕೇಳಿದವರು ಪ್ರಣಯಗೀತೆ ಎಂದೇ ತಿಳಿಯುತ್ತಾರೆ. ಅದು ಜೋಗುಳದ ಹತ್ತಿರದ್ದು. ಜೆನ್ನಾರೊ ಎಚ್ಚರಗೊಂಡು ಆಕೆಗೆ ಮನಸೋಲುತ್ತಾನೆ, ಕಣ್ಣಿಗೇ ಬೀಳದ ತನ್ನ ತಾಯಿಯ ಬಗ್ಗೆ ಆಕೆಯ ಬಳಿಯೇ ಹೇಳಿಕೊಳ್ಳುತ್ತಾನೆ. ಅಷ್ಟರಲ್ಲಿ ಗೆಳೆಯರು ಬಂದು ಆಕೆಯನ್ನು ಗುರುತು ಹಿಡಿದು, ಒಬ್ಬೊಬ್ಬರಾಗಿ ಹೆಸರು ಹೇಳಿ, ಸತ್ತ ತಮ್ಮವರನ್ನು ನೆನಪಿಸಿ, ಮಗನ ಎದುರೇ ಮುಖವಾಡ ಕಿತ್ತೆಸೆಯುತ್ತಾರೆ.

ಮೊದಲ ಅಂಕ ಫೆರಾರಾದಲ್ಲಿ. ಅರಮನೆಯ ಗೋಡೆಯ ಮೇಲೆ ಬೋರ್ಜಿಯಾ ಎಂಬ ಹೆಸರಿದೆ. ಜೆನ್ನಾರೊ ಕಠಾರಿಯಿಂದ ಮೊದಲ ಅಕ್ಷರ ಕಿತ್ತುಹಾಕುತ್ತಾನೆ. ಉಳಿದದ್ದು 'ಒರ್ಜಿಯಾ', ಇಟಾಲಿಯನ್ನಿನಲ್ಲಿ ಕುಡಿತ ಕಾಮಗಳ ಕೂಟಕ್ಕೆ ಹೇಳುವ ಹೆಸರು. ಯಾರು ಮಾಡಿದರೆಂದು ತಿಳಿಯದ ಲುಕ್ರೆಟ್ಸಿಯಾ ಗಂಡನಲ್ಲಿಗೆ ಹೋಗಿ, ಮಾಡಿದವನ ತಲೆ ತೆಗೆಸುವ ಮಾತು ಕೊಡಿಸಿಕೊಳ್ಳುತ್ತಾಳೆ. ಎಳೆದು ತಂದವನನ್ನು ನೋಡಿದರೆ ಮಗ. ಇತ್ತ ಗಂಡ ಅವನನ್ನು ಹೆಂಡತಿಯ ಪ್ರಿಯಕರನೆಂದು ನಂಬಿ ಕಾಯುತ್ತಿದ್ದಾನೆ. ಬೇಡಿ, ಅತ್ತು, ಕೊನೆಗೆ ಬೆದರಿಸುತ್ತಾಳೆ: ಎಚ್ಚರವಾಗಿರು, ನನ್ನ ನಾಲ್ಕನೆಯ ಗಂಡನೇ! ಇತಿಹಾಸದಲ್ಲಿ ಅವನು ಮೂರನೆಯವನು ಎಂಬುದನ್ನು ಬಲ್ಲವರು ಇಲ್ಲಿ ಹುಬ್ಬೇರಿಸುತ್ತಾರೆ. ಆದರೆ ರಂಗದ ಮೇಲೆ ಆ ಎಣಿಕೆ ಮೈ ನಡುಗಿಸುತ್ತದೆ. ಡ್ಯೂಕ್ ಬಗ್ಗುವುದಿಲ್ಲ. ಕತ್ತಿಯೋ ವಿಷವೋ, ಆರಿಸಿಕೋ ಎನ್ನುತ್ತಾನೆ.

ಮುಂದೆ ಬರುವ ಮೂವರ ಹಾಡು ಈ ಒಪೆರಾದ ತಿರುಳು. ಮೇಜಿನ ಮೇಲೆ ಎರಡು ಪಾತ್ರೆ: ಬೆಳ್ಳಿಯದರಲ್ಲಿ ಒಳ್ಳೆಯ ವೈನು, ಚಿನ್ನದ್ದರಲ್ಲಿ ವಿಷ ಬೆರೆತದ್ದು. ಡ್ಯೂಕ್ ಅಪರಾಧವನ್ನು ಕ್ಷಮಿಸಿದವನಂತೆ ಜೆನ್ನಾರೊನನ್ನು ಕುಡಿಯಲು ಕರೆಯುತ್ತಾನೆ, ಚಿನ್ನದ ಪಾತ್ರೆಯಿಂದ ಬಗ್ಗಿಸಿಕೊಡು ಎಂದು ಹೆಂಡತಿಗೆ ಹೇಳುತ್ತಾನೆ. ಒಂದು ಸನ್ನೆ ಮಾಡಿದರೂ ಕತ್ತಿ ಬೀಳುತ್ತದೆ. ಮೂವರೂ ಒಟ್ಟಿಗೆ ಹಾಡತೊಡಗುತ್ತಾರೆ. ಡ್ಯೂಕನ ಬಾಸ್ ಎಂಬ ತಗ್ಗಿನ ಗಂಡುದನಿಯಲ್ಲಿ ಪಿಸುಮಾತಿನ ಬೆದರಿಕೆ, ಲುಕ್ರೆಟ್ಸಿಯಾಳ ಸೊಪ್ರಾನೊ ಎಂಬ ಎತ್ತರದ ಹೆಣ್ಣುದನಿಯಲ್ಲಿ ನುಂಗಿಕೊಂಡ ಚೀತ್ಕಾರ, ಜೆನ್ನಾರೊನ ಟೆನರ್ ಎಂಬ ಎತ್ತರದ ಗಂಡುದನಿಯಲ್ಲಿ ಡ್ಯೂಕನ ಔದಾರ್ಯಕ್ಕೆ ನಿಜವಾದ ಕೃತಜ್ಞತೆ. ಮಾತಿನ ನಾಟಕದಲ್ಲಿ ಇವು ಒಂದಾದ ಮೇಲೊಂದು ಬರಲೇಬೇಕು. ಇಲ್ಲಿ ಮೂರೂ ಒಂದೇ ಉಸಿರಿನಲ್ಲಿ ಹೆಣೆದುಕೊಳ್ಳುತ್ತವೆ, ಅದೂ ಸುಂದರವಾದ ಒಂದೇ ರಾಗರಚನೆಯೊಳಗೆ. ಹ್ಯೂಗೋಗೆ ಎಟುಕದ ಜಾಗ ಇದು. ಡ್ಯೂಕ್ ಹೊರಗೆ ಹೋದ ಕೂಡಲೇ ತಾಯಿ ಪ್ರತಿವಿಷ ಕುಡಿಸಿ ಓಡಿಹೋಗು ಎನ್ನುತ್ತಾಳೆ.

ಅವನು ಓಡುವುದಿಲ್ಲ. ಗೆಳೆಯ ಒರ್ಸಿನಿಯ ಒತ್ತಾಯಕ್ಕೆ ನೆಗ್ರೋನಿಯ ಮನೆಯ ಔತಣಕ್ಕೆ ಹೋಗುತ್ತಾನೆ. ಒರ್ಸಿನಿ ಗಂಡು ಪಾತ್ರವಾದರೂ ಹಾಡುವವಳು ತಗ್ಗುದನಿಯ ಹೆಂಗಸು; 1833ರಲ್ಲಿ ಮರಿಯೆಟ್ಟಾ ಬ್ರಾಂಬಿಲ್ಲಾ. ಔತಣದಲ್ಲಿ ಒರ್ಸಿನಿ ಹಾಡುವ 'ಇಲ್ ಸೆಗ್ರೆತೊ' ಎಂಬ ಕುಡಿತದ ಹಾಡು ಇಡೀ ಒಪೆರಾದಲ್ಲಿ ಹೆಚ್ಚು ಜನಕ್ಕೆ ಗೊತ್ತಿರುವುದು. ನಾಳೆಯ ಚಿಂತೆ ಮಾಡುವವನು ಮೂಢ, ಇವತ್ತು ಕುಡಿ ನಗು ಎಂಬ ಸಾಹಿತ್ಯ, ಕುಣಿಸುವ ಲಯ. ಮೊದಲ ಚರಣ ಮುಗಿದೊಡನೆ ಹೊರಗಿನಿಂದ ಗಂಟೆಯ ಸದ್ದು, ಲೋಕದ ಸುಖವೆಲ್ಲ ಹೊಗೆ ಎಂಬ ಸಾವಿನ ಪ್ರಾರ್ಥನೆ. ಹುಡುಗರು ನಕ್ಕು ಎರಡನೆಯ ಚರಣ ಎತ್ತಿಕೊಳ್ಳುತ್ತಾರೆ. ಮತ್ತೆ ಅದೇ ಪ್ರಾರ್ಥನೆ, ಈಗ ಇನ್ನೂ ಹತ್ತಿರ. ದೀಪಗಳು ಆರುತ್ತವೆ, ಬಾಗಿಲುಗಳಿಗೆ ಹೊರಗಿನಿಂದ ಬೀಗ. ಲುಕ್ರೆಟ್ಸಿಯಾ ಬಂದು, ನೀವು ಕುಡಿದ ವೈನಿನಲ್ಲಿ ವಿಷವಿದೆ, ವೆನಿಸ್ಸಿನ ಅವಮಾನಕ್ಕೆ ಇದು ಮುಯ್ಯಿ, ಐದು ಶವಪೆಟ್ಟಿಗೆ ಸಿದ್ಧವಿದೆ ಎನ್ನುತ್ತಾಳೆ. ಐದು ಸಾಲದು, ಆರನೆಯದು ಬೇಕು ಎಂದು ಜೆನ್ನಾರೊ ಮುಂದೆ ಬರುತ್ತಾನೆ.

ಉಳಿದಿರುವ ಪ್ರತಿವಿಷ ಒಬ್ಬನಿಗೆ ಮಾತ್ರ ಸಾಕು. ಗೆಳೆಯರನ್ನು ಬಿಟ್ಟು ತಾನೊಬ್ಬನೇ ಬದುಕಲು ಅವನು ಒಪ್ಪುವುದಿಲ್ಲ. ಹ್ಯೂಗೋನ ನಾಟಕದಲ್ಲಿ ಅವನು ಆಕೆಯನ್ನು ಇರಿಯುತ್ತಾನೆ; ನಾನು ನಿನ್ನ ತಾಯಿ ಎಂಬುದು ಆಕೆಯ ಕೊನೆಯ ಮಾತು, ಅಲ್ಲಿಗೆ ತೆರೆ. ಒಪೆರಾದಲ್ಲಿ ಅವನ ಎತ್ತಿದ ಕೈಯನ್ನು ಆ ಮಾತು ತಡೆಯುತ್ತದೆ. ಸತ್ಯ ತಿಳಿದು, ಪ್ರತಿವಿಷ ಬೇಡವೆಂದು, ತಾಯಿಯ ತೋಳಲ್ಲಿ ಸಾಯುತ್ತಾನೆ.

ಕೊನೆಯ ಹಾಡಿನ ಜಗಳ

ಇಲ್ಲಿಂದ ಮುಂದೆ ಏನಾಗಬೇಕು ಎಂಬುದೇ ಈ ಕೃತಿಯ ದೊಡ್ಡ ತೊಡಕು. ಮೊದಲ ಲುಕ್ರೆಟ್ಸಿಯಾ ಆಗಿ ಹಾಡಿದ ಆನ್ರಿಯೆಟ್ ಮೆರಿಕ್ ಲಾಲಾಂದ್, ಒಪೆರಾ ತನ್ನ ಹಾಡಿನಿಂದಲೇ ಮುಗಿಯಬೇಕೆಂದು ಪಟ್ಟು ಹಿಡಿದಳು. ಅಂದಿನ ಇಟಲಿಯಲ್ಲಿ ಮುಖ್ಯ ಗಾಯಕಿಗೆ ಅದು ವಾಡಿಕೆಯ ಹಕ್ಕು. ಡೊನಿಜೆಟ್ಟಿ 'ಎರಾ ದೆಸ್ಸೊ ಇಲ್ ಫಿಲ್ಯೊ ಮಿಯೊ' ಎಂಬ ಕಬಲೆಟ್ಟಾ ಬರೆದುಕೊಟ್ಟ. ಕಬಲೆಟ್ಟಾ ಎಂದರೆ ನಿಧಾನ ಭಾಗದ ನಂತರ ಬರುವ, ವೇಗದ, ಸಾಮಾನ್ಯವಾಗಿ ಎರಡು ಸಲ ಹಾಡುವ, ಗಾಯಕಿಯ ಕಂಠದ ಕಸರತ್ತು ತೋರಿಸುವ ಭಾಗ. ಈಗಷ್ಟೇ ಮಗ ಸತ್ತಿದ್ದಾನೆ, ತಾಯಿ ಮಿಂಚಿನ ಸ್ವರಗಳಲ್ಲಿ ಏರಿಳಿಯುತ್ತಾಳೆ. ಇದು ಒಗ್ಗುವುದಿಲ್ಲವೆಂದು ಡೊನಿಜೆಟ್ಟಿಗೆ ಅನಿಸಿತ್ತು. 1840ರಲ್ಲಿ ಲಾ ಸ್ಕಾಲಾಗೆ ಮತ್ತೆ ತಿದ್ದುವಾಗ ಕಬಲೆಟ್ಟಾ ತೆಗೆದು, ಜೆನ್ನಾರೊ ಸಾಯುತ್ತಾ ಹಾಡುವ 'ಮಾದ್ರೆ, ಸೆ ಒನ್ಯೊರ್ ಲೊಂತಾನೊ' ಎಂಬ ಮೆಲುವಾದ ಭಾಗ ಸೇರಿಸಿದ.

ಇಂದಿನ ಹಲವು ಪ್ರದರ್ಶನಗಳು ಎರಡನ್ನೂ ಇಟ್ಟುಕೊಳ್ಳುತ್ತವೆ: ಮಗನ ಮೆಲುದನಿ, ನಂತರ ತಾಯಿಯ ಕಬಲೆಟ್ಟಾ. ಡೊನಿಜೆಟ್ಟಿಯ ಎರಡನೆಯ ಯೋಚನೆಯೇ ನಾಟಕವಾಗಿ ಸರಿ ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೂ ಕಬಲೆಟ್ಟಾ ಬಿಟ್ಟುಕೊಡಲು ಮನಸ್ಸು ಬಾರದು. ಅದರ ಸ್ವರಗಳನ್ನು ಪ್ರದರ್ಶನಕ್ಕೆಂದು ಹಾಡಿದರೆ ಕೆಡುತ್ತದೆ, ಬುದ್ಧಿ ಕಳೆದುಕೊಳ್ಳುತ್ತಿರುವವಳ ಗೋಳಾಗಿ ಹಾಡಿದರೆ ನಿಲ್ಲುತ್ತದೆ. ಕಷ್ಟವೆಂದರೆ, ಎರಡು ಗಂಟೆಗೂ ಮೀರಿ ಹಾಡಿ ದಣಿದ ಗಂಟಲಿನಿಂದ ಅದನ್ನು ಸಾಧಿಸಬೇಕು. ಪೀಠಿಕೆಯ 'ಕೊಮೆ ಬೆಲ್ಲೊ' ತದ್ವಿರುದ್ಧದ ಪರೀಕ್ಷೆ: ಕಂಠ ಇನ್ನೂ ಬಿಸಿಯಾಗಿರುವುದಿಲ್ಲ, ಆದರೆ ಉದ್ದುದ್ದ ಎಳೆಗಳನ್ನು ಒಂದೇ ಉಸಿರಿನಲ್ಲಿ, ಮೆಲ್ಲನೆ, ನಡುಗದೆ ಹಿಡಿಯಬೇಕು. ಉಸಿರು ಸಾಲದವರು ಸಾಲನ್ನು ಮಧ್ಯದಲ್ಲಿ ಕತ್ತರಿಸುತ್ತಾರೆ, ಆಗ ಜೋಗುಳದ ಗುಣ ಹೋಗುತ್ತದೆ. 1998ರಲ್ಲಿ ಲಾ ಸ್ಕಾಲಾದ ಮೇಲಿನ ಗ್ಯಾಲರಿಯವರು ರೆನೆ ಫ್ಲೆಮಿಂಗ್‌ರಂಥ ಹೆಸರಾಂತ ಗಾಯಕಿಗೂ ಈ ಪಾತ್ರದಲ್ಲಿ ಕೂಗಿ ಗಲಾಟೆ ಮಾಡಿದ್ದರು. ಔತಣದ ದೃಶ್ಯದಲ್ಲಿ ತಪ್ಪುವುದು ಬೇರೆ: ತೆರೆಯ ಹಿಂದಿನ ಪ್ರಾರ್ಥನೆಗೆ ವಾದ್ಯವೃಂದ ಸರಿಯಾಗಿ ಕೇಳಿಸದೆ ಅದು ತಡವಾಗುತ್ತದೆ, ಅಥವಾ ಮೊದಲ ಸಲವೇ ಜೋರಾಗಿ ಹಾಡಿಬಿಟ್ಟು ಎರಡನೆಯ ಸಲ ಹತ್ತಿರ ಬಂದ ಭಯ ಹುಟ್ಟುವುದಿಲ್ಲ.

ಹೆಸರು ಮರೆಸಿಕೊಂಡು ತಿರುಗಿದ ಒಪೆರಾ

ಪೋಪನ ಮಗಳ ಕಥೆಯನ್ನು ಇಟಲಿಯ ಸೆನ್ಸಾರ್ ಅಧಿಕಾರಿಗಳು ಎಲ್ಲ ಊರಿನಲ್ಲೂ ಬಿಡಲಿಲ್ಲ. ಅದೇ ಸಂಗೀತ 'ಎವುಸ್ತೊರ್ಜಿಯಾ ದಾ ರೊಮಾನೊ', 'ಅಲ್ಫೊನ್ಸೊ, ಫೆರಾರಾದ ಡ್ಯೂಕ್', 'ನೇಪಲ್ಸಿನ ಮೊದಲನೆಯ ಜೊವಾನ್ನಾ', 'ಎಲಿಸಾ ದಾ ಫೊಸ್ಕೊ' ಎಂದೆಲ್ಲ ಹೆಸರು ಹೊತ್ತು ಆಡಿತು. ನೇಪಲ್ಸಿಗಾಗಿ ಡೊನಿಜೆಟ್ಟಿ 1838ರಲ್ಲಿ 'ದಾಲಿಂದಾ' ಎಂಬ ಹೊಸ ರೂಪವನ್ನೇ ಸಿದ್ಧಪಡಿಸಿದ, ಅದಕ್ಕೂ ಅನುಮತಿ ಸಿಗಲಿಲ್ಲ. ಅದು ಮೊದಲ ಸಲ ಜನರ ಮುಂದೆ ಬಂದದ್ದು 2023ರಲ್ಲಿ, ಬರ್ಲಿನ್‌ನಲ್ಲಿ.

ಪ್ಯಾರಿಸ್ಸಿನ ಅಡ್ಡಿ ಬೇರೆ ರೀತಿಯದು. 1840ರಲ್ಲಿ ಅಲ್ಲಿ ಒಪೆರಾ ಆಡಿದಾಗ ಹ್ಯೂಗೋ, ನನ್ನ ನಾಟಕವನ್ನು ಕೇಳದೆ ಬಳಸಿದ್ದೀರಿ ಎಂದು ತಡೆದ, ಮುಂದೆ ಈ ಒಪೆರಾದ ಫ್ರೆಂಚ್ ಅನುವಾದದ ವಿಷಯದಲ್ಲಿ ನ್ಯಾಯಾಲಯಕ್ಕೂ ಹೋಗಿ ಗೆದ್ದ. ಪ್ಯಾರಿಸ್ಸಿನವರು ಇಟಲಿಯ ಪಾತ್ರಗಳನ್ನೆಲ್ಲ ತುರ್ಕರನ್ನಾಗಿಸಿ 'ಲಾ ರಿನೆಗಾತಾ' ಎಂದು ಹೆಸರಿಟ್ಟು ಆಡಬೇಕಾಯಿತು. ಲೇಖಕನ ಹಕ್ಕಿನ ಇತಿಹಾಸದಲ್ಲಿ ಈ ಪ್ರಕರಣಕ್ಕೆ ತನ್ನದೇ ಜಾಗವಿದೆ. ಹ್ಯೂಗೋನ ನಿಂತುಹೋದ ಇನ್ನೊಂದು ನಾಟಕ 1851ರಲ್ಲಿ ಇಟಲಿಯ ಸಂಗೀತ ರಚನಾಕಾರ ವೆರ್ದಿಯ 'ರಿಗೊಲೆಟ್ಟೊ' ಒಪೆರಾ ಆಯಿತು. ಎರಡೂ ಒಪೆರಾಗಳನ್ನು ಒಂದೇ ವಾರದಲ್ಲಿ ಕೇಳಿ ನೋಡಿ: ಡೊನಿಜೆಟ್ಟಿಯ ಮೊದಲ ಅಂಕದಲ್ಲಿ ಇಬ್ಬರು ಗೂಢಚಾರರು ಕತ್ತಲಲ್ಲಿ ಎದುರಾಗಿ ಪಿಸುಗುಡುವಾಗ ರಾಗವನ್ನು ವಾದ್ಯಗಳು ಹೊತ್ತು ಸಾಗುತ್ತವೆ. ವೆರ್ದಿಯಲ್ಲಿ ರಿಗೊಲೆಟ್ಟೊ ಬಾಡಿಗೆ ಕೊಲೆಗಾರನನ್ನು ಭೇಟಿಯಾಗುವ ದೃಶ್ಯದಲ್ಲಿ ಅದೇ ಉಪಾಯ ಇನ್ನಷ್ಟು ಮಾಗಿ ಬಂದಿದೆ.

ಪುಸ್ತಕಗಳಲ್ಲಿ

ಫ್ರೆಂಚ್ ಕಾದಂಬರಿಕಾರ ಅಲೆಗ್ಸಾಂಡರ್ ದ್ಯುಮಾ ಕುಖ್ಯಾತ ಅಪರಾಧಗಳ ಮೇಲಿನ ತನ್ನ ಮಾಲೆಯಲ್ಲಿ ಬೋರ್ಜಿಯಾಗಳನ್ನು ಸೇರಿಸಿ ಹಳೆಯ ಬಣ್ಣವನ್ನೇ ಗಾಢಗೊಳಿಸಿದ. ಇಂಗ್ಲಿಷ್ ಕವಿ ಬೈರನ್ನನ ದಾರಿ ಬೇರೆ. ಕವಿ ಪಿಯೆತ್ರೊ ಬೆಂಬೊಗೆ ಲುಕ್ರೆಟ್ಸಿಯಾ ಬರೆದ ಪತ್ರಗಳು, ಜೊತೆಗೆ ಹೊಂಬಣ್ಣದ ಕೂದಲಿನ ಒಂದು ಜೊಂಪೆ, ಮಿಲಾನಿನ ಆಂಬ್ರೊಸಿಯಾನಾ ಗ್ರಂಥಾಲಯದಲ್ಲಿವೆ. 1816ರಲ್ಲಿ ಅವನ್ನು ನೋಡಿದ ಬೈರನ್, ಲೋಕದಲ್ಲೇ ಚೆಲುವಾದ ಪ್ರೇಮಪತ್ರಗಳು ಎಂದು ಕೊಂಡಾಡಿ, ಕೂದಲಿನ ಒಂದೆಳೆ ತಾನೂ ತೆಗೆದುಕೊಂಡ. ಬೆಂಬೊ 1505ರಲ್ಲಿ ತನ್ನ 'ಅಸೊಲಾನಿ' ಗ್ರಂಥವನ್ನು ಆಕೆಗೇ ಅರ್ಪಿಸಿದ್ದ.

ಕಾಗದಪತ್ರ ಹಿಡಿದು ಆಕೆಯ ಪರವಾಗಿ ನಿಂತವರಲ್ಲಿ ಮುಖ್ಯನಾದವನು ಜರ್ಮನ್ ಇತಿಹಾಸಕಾರ ಫರ್ಡಿನಾಂಡ್ ಗ್ರೆಗೊರೋವಿಯುಸ್. 1874ರ ಅವನ ಜೀವನಚರಿತ್ರೆ ಕರಾರುಪತ್ರ, ರಾಯಭಾರಿಗಳ ವರದಿ, ಸ್ವಂತ ಪತ್ರಗಳನ್ನು ಮುಂದಿಟ್ಟು, ಕೊಲೆಗಾತಿಯ ಜಾಗದಲ್ಲಿ ಅಪ್ಪ ಅಣ್ಣಂದಿರ ಮಾತಿಗೆ ತಲೆಬಾಗಿದ ಹುಡುಗಿಯನ್ನು ಕಂಡಿತು. ಅವನು ಆಕೆಯನ್ನು ಸ್ವಲ್ಪ ಹೆಚ್ಚೇ ಮೆತ್ತಗೆ ಮಾಡಿದ ಎನ್ನಬೇಕು. ಫೆರಾರಾದಲ್ಲಿ ಭೂಮಿ ಕೊಂಡು ನೀರು ಬಸಿಸಿದವಳು ಅಷ್ಟು ಮೆತ್ತಗಿನವಳಲ್ಲ. ಇಟಲಿಯ ಮರಿಯಾ ಬೆಲ್ಲೊಂಚಿ 1939ರಲ್ಲಿ ಬರೆದ ಚರಿತ್ರೆ, ಓದಲು ಕಾದಂಬರಿಯಷ್ಟೇ ರುಚಿಯಾದರೂ, ದಾಖಲೆ ಬಿಟ್ಟು ಆಚೀಚೆ ಹೋಗುವುದಿಲ್ಲ. 2014ರಲ್ಲಿ ನೊಬೆಲ್ ಪುರಸ್ಕೃತ ನಾಟಕಕಾರ ದಾರಿಯೊ ಫೊ 'ಪೋಪನ ಮಗಳು' ಎಂಬ ಅರ್ಥದ ಹೆಸರಿನಲ್ಲಿ ಆಕೆಯ ಕಾದಂಬರಿ ಬರೆದ.

ಕೇಳಲು ಹೊರಟವರಿಗೆ

ಮೊದಲ ದಿನವೇ ಇಡೀ ಒಪೆರಾ ಬೇಡ. ಒರ್ಸಿನಿಯ ಕುಡಿತದ ಹಾಡಿನಿಂದ ಶುರುಮಾಡಿ, ಪ್ರಾರ್ಥನೆ ಸೇರಿದ ಪೂರ್ತಿ ದೃಶ್ಯವನ್ನೇ ಹುಡುಕಿ. ಅರ್ನೆಸ್ಟೀನ್ ಶುಮಾನ್ ಹೈಂಕ್ ನೂರು ವರ್ಷಕ್ಕೂ ಹಿಂದೆ ಮಾಡಿದ ಧ್ವನಿಮುದ್ರಣ ಹಾಡಿನ ಮಟ್ಟಿಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಆಮೇಲೆ ಮೊದಲ ಅಂಕದ ಮೂವರ ಹಾಡು, ಸಾಹಿತ್ಯದ ಅನುವಾದ ಎದುರಿಗಿಟ್ಟುಕೊಂಡು. ಮೂರು ಸಲ ಕೇಳಿ, ಪ್ರತಿ ಸಲ ಒಬ್ಬರ ದನಿಯನ್ನಷ್ಟೇ ಹಿಂಬಾಲಿಸಿ. ಇಷ್ಟಾದ ಮೇಲೆ ಪೀಠಿಕೆಯಿಂದ ಕೊನೆಯವರೆಗೆ ಕೂತು ಕೇಳಬಹುದು.

ಪೂರ್ತಿ ಧ್ವನಿಮುದ್ರಣಗಳಲ್ಲಿ ಎರಡು ಹೆಸರು ಸಾಕು. 1965ರ ಏಪ್ರಿಲ್ 20ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ, ಹಾಡಬೇಕಿದ್ದ ಮ್ಯಾರಿಲಿನ್ ಹಾರ್ನ್ ಬದಲಿಗೆ ಬಂದ ಮೊಂಟ್ಸೆರಾಟ್ ಕಬಾಯೆ ಒಂದೇ ರಾತ್ರಿಯಲ್ಲಿ ಜಗತ್ತಿಗೆ ಪರಿಚಯವಾದರು. ಅಲ್ಲಿಯವರೆಗೆ ಅಪರೂಪವಾಗಿದ್ದ ಈ ಒಪೆರಾ ಮತ್ತೆ ಚಾಲ್ತಿಗೆ ಬಂದದ್ದರಲ್ಲಿ ಆ ರಾತ್ರಿಯ ಪಾಲು ದೊಡ್ಡದು. ಮರುವರ್ಷ ಯೊನೆಲ್ ಪೆರ್ಲೆಯಾ ನಿರ್ದೇಶನದಲ್ಲಿ, ಅಲ್ಫ್ರೆಡೊ ಕ್ರಾವುಸ್ ಮತ್ತು ಶರ್ಲಿ ವೆರೆಟ್ ಜೊತೆ ಅವರು ಮಾಡಿದ ಧ್ವನಿಮುದ್ರಣದಲ್ಲಿ 'ಕೊಮೆ ಬೆಲ್ಲೊ' ಹೇಗಿರಬೇಕೋ ಹಾಗಿದೆ: ಮಲಗಿದ ಮಗುವನ್ನು ಎಬ್ಬಿಸದಷ್ಟು ಮೆಲ್ಲಗೆ, ಎಲ್ಲೂ ಕಡಿಯದೆ. ರಿಚರ್ಡ್ ಬೋನಿಂಗ್ ನಿರ್ದೇಶನದಲ್ಲಿ ಜೋನ್ ಸದರ್‌ಲ್ಯಾಂಡ್ 1970ರ ದಶಕದ ಕೊನೆಯಲ್ಲಿ ಹಾಡಿದ್ದು ಇನ್ನೊಂದು. ಅದರಲ್ಲಿ ಒರ್ಸಿನಿ ಅದೇ ಮ್ಯಾರಿಲಿನ್ ಹಾರ್ನ್. ನೋಡಲು ಬಯಸುವವರಿಗೆ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದ 1980ರ ಪ್ರದರ್ಶನದ ವಿಡಿಯೊ ಇದೆ, ಸದರ್‌ಲ್ಯಾಂಡ್ ಮತ್ತು ಕ್ರಾವುಸ್ ಇಬ್ಬರೂ ಅದರಲ್ಲಿದ್ದಾರೆ.

ಯಾವುದನ್ನು ಆರಿಸಿದರೂ, ಕೊನೆಯಲ್ಲಿ ಜೆನ್ನಾರೊಗೆ ಸಾಯುವ ಮುನ್ನ ಹಾಡಿದೆಯೇ, ಆಮೇಲೆ ಕಬಲೆಟ್ಟಾ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಎರಡು ಧ್ವನಿಮುದ್ರಣ ಹೋಲಿಸುವಾಗ ಇವರು ಬಿಟ್ಟರು, ಅವರು ಸೇರಿಸಿದರು ಎಂದು ಗಲಿಬಿಲಿಯಾಗುವುದು ಅಲ್ಲೇ, ಮತ್ತು ಎರಡೂ ಡೊನಿಜೆಟ್ಟಿಯೇ ಬರೆದದ್ದು.